ನೈಟ್ರೋ ಕಾರಿನ ಕೆಂಪು ಜಿಡ್ಡು ತೆಗೆಯುವುದು ಹೇಗೆ?

ಮುರಕಲ್ಲಿನ ಕೆಂಪು ಧೂಳು ಬಟ್ಟೆಗೆ ತಾಗಿದರೆ ಕೊಡವಿದರಾಯಿತು. ನೈಟ್ರೋ ರಿಮೋಟ್ ಕಾರಿಗೆ, ಅಂದರೆ ಪುಟ್ಟ ಎಂಜಿನ್ ಇರುವ ಆಟದ ಕಾರಿಗೆ, ಅಂಟಿದ್ದು ಹಾಗೆ ಹೋಗುವುದಿಲ್ಲ. ಇದರ ಇಂಧನದಲ್ಲಿ ಮೆಥನಾಲ್, ನೈಟ್ರೋಮೀಥೇನ್ ಜೊತೆಗೆ ಎಣ್ಣೆಯೂ ಇರುತ್ತದೆ. ಆ ಎಣ್ಣೆ ಪೂರ್ತಿ ಉರಿಯದೆ ಸೈಲೆನ್ಸರ್‌ನಿಂದ ಹೊರಬಂದು ಚಾಸಿಗೆಲ್ಲ (ಕಾರಿನ ಅಡಿಯ ಚೌಕಟ್ಟಿಗೆ) ಹರಡುತ್ತದೆ. ಅದರ ಮೇಲೆ ಧೂಳು ಕೂತರೆ ಜಿಡ್ಡೇ ಜಿಡ್ಡು.

ನಮ್ಮ ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯದ ಕಡೆ ಮನೆಮನೆಯಲ್ಲೂ ಅಡಿಕೆಗೆ ಮದ್ದು ಬಿಡುವ ಪಂಪು ಇರುತ್ತದಲ್ವಾ? ಅದನ್ನು ಇದಕ್ಕೆ ಹಿಡಿಯಲೇಬೇಡಿ. ಆ ರಭಸಕ್ಕೆ ನೀರು ಬೇರಿಂಗ್ ಒಳಗೆ ನುಗ್ಗುತ್ತದೆ. ಪಂಪಿನಲ್ಲಿ ಉಳಿದ ಮೈಲುತುತ್ತು ಅಲ್ಯುಮಿನಿಯಂ ಭಾಗಗಳನ್ನು ತಿನ್ನುತ್ತದೆ.

ಮೊದಲು ಟ್ಯಾಂಕ್ ಖಾಲಿ ಮಾಡಿ. ಎಂಜಿನ್ ಚಾಲೂ ಮಾಡಿ, ಪೈಪಿನಲ್ಲಿ ಉಳಿದದ್ದು ಉರಿದು ತಾನಾಗಿ ನಿಲ್ಲಲಿ. ಮೆಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ನಮ್ಮ ಮಳೆಗಾಲದಲ್ಲಂತೂ ಒಳಗಿನ ಬೇರಿಂಗ್‌ಗೆ ತುಕ್ಕು ಬೇಗ. ಕೆಲಸ ಹೊರಗೆ, ಗಾಳಿಯಾಡುವಲ್ಲಿ ಇರಲಿ. ಮೆಥನಾಲ್ ವಿಷ, ಕೈಗವಸು ಹಾಕಿ. ಅದರ ಬೆಂಕಿ ಹಗಲಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ, ಬೀಡಿ ಸಿಗರೇಟು ದೂರವಿರಲಿ.

ಎಂಜಿನ್ ತಣ್ಣಗಾದ ಮೇಲೆ ಬಾಡಿ ಮತ್ತು ಬ್ಯಾಟರಿ ಬಿಚ್ಚಿ. ಏರ್ ಫಿಲ್ಟರನ್ನು ಈಗಲೇ ತೆಗೆಯಬೇಡಿ! ಸುತ್ತಲಿನ ಧೂಳು ನೇರ ಎಂಜಿನ್ನಿಗೆ ಗಾಳಿ, ಇಂಧನ ಬೆರೆಸಿ ಕೊಡುವ ಕಾರ್ಬುರೇಟರ್‌ಗೆ ಬೀಳುತ್ತದೆ. ಅಷ್ಟು ಧೂಳು ಸಾಕು, ಪಿಸ್ಟನ್ ಸವೆಯಲು. ಫಿಲ್ಟರ್‌ಗೆ ಪ್ಲಾಸ್ಟಿಕ್ ತೊಟ್ಟೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಸೈಲೆನ್ಸರ್ ಬಾಯಿಯನ್ನೂ ಮುಚ್ಚಿ.

ಕಾರಿನ ಅಡಿಗೆ ಒಂದು ಅಡಿಕೆ ಹಾಳೆ ಇಡಿ, ಸೋರಿದ್ದೆಲ್ಲ ಅದರಲ್ಲೇ ನಿಲ್ಲುತ್ತದೆ. ಒಣ ಬ್ರಷ್‌ನಿಂದ ಮಣ್ಣು ಉದುರಿಸಿ. ನಂತರ ಹಳೆಯ ಟೂತ್‌ಬ್ರಷ್‌ಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಉಜ್ಜಿ. ಎಂಜಿನ್ ಮೇಲಿನ, ಬಿಸಿ ಹೊರಬಿಡುವ ಕೂಲಿಂಗ್ ಹೆಡ್‌ನ ಸಂದಿಗಳನ್ನು ಬಿಡಬೇಡಿ, ಅಲ್ಲಿ ಮಣ್ಣು ತುಂಬಿದರೆ ಎಂಜಿನ್ ಕಾಯುತ್ತದೆ. ರಿಮೋಟಿನ ಸಂಕೇತ ಹಿಡಿಯುವ ರಿಸೀವರ್, ಸ್ಟಿಯರಿಂಗ್ ತಿರುಗಿಸುವ ಸಣ್ಣ ಮೋಟಾರುಗಳಾದ ಸರ್ವೋಗಳಿಗೆ ಒಣ ಬಟ್ಟೆಯೇ ಸಾಕು. ಬಿಚ್ಚಿಟ್ಟ ಬಾಡಿಯನ್ನು ಸೋಪಿನ ನೀರಲ್ಲಿ ತೊಳೆಯಿರಿ. ಪೆಟ್ರೋಲ್, ಥಿನ್ನರ್ ತಾಗಿದರೆ ಪ್ಲಾಸ್ಟಿಕ್ ಬಿರುಕು ಬಿಡಬಹುದು. ಟಯರನ್ನು ನೀರಲ್ಲಿ ಮುಳುಗಿಸಬೇಡಿ, ಒಳಗಿನ ಸ್ಪಂಜು ನೀರು ಕುಡಿದರೆ ಒಣಗುವುದೇ ಇಲ್ಲ.

ಈಗ ಫಿಲ್ಟರ್ ತೆಗೆಯಿರಿ, ಕಾರ್ಬುರೇಟರ್ ಬಾಯಿಗೆ ಸ್ವಚ್ಛ ಬಟ್ಟೆ ತುರುಕಿ. ಫಿಲ್ಟರಿನ ಸ್ಪಂಜನ್ನು ಬೆಚ್ಚಗಿನ ಸೋಪಿನ ನೀರಲ್ಲಿ ಅದುಮಿ ತೊಳೆಯಿರಿ, ಹಿಂಡಬೇಡಿ. ಪೂರ್ತಿ ಒಣಗಿದ ಮೇಲೆ ಫಿಲ್ಟರ್ ಎಣ್ಣೆ ಹಚ್ಚಿ ನಾದಿ. ಎಣ್ಣೆಯಿಲ್ಲದ ಸ್ಪಂಜು ಸಣ್ಣ ಧೂಳನ್ನು ತಡೆಯುವುದಿಲ್ಲ. ಮಳೆಗಾಲಕ್ಕೆ ಇನ್ನೊಂದು ಸ್ಪಂಜು ಜಾಸ್ತಿ ಇಟ್ಟುಕೊಳ್ಳಿ.

ಕೊನೆಗೆ ಎಂಜಿನ್ ತಲೆಯಲ್ಲಿರುವ, ಇಂಧನ ಹೊತ್ತಿಸುವ ಗ್ಲೋ ಪ್ಲಗ್ ಬಿಚ್ಚಿ, ಆ ತೂತಿಗೂ ಕಾರ್ಬುರೇಟರ್‌ಗೂ ಆಫ್ಟರ್ ರನ್ ಎಣ್ಣೆಯ (ಓಡಿಸಿದ ಮೇಲೆ ತುಕ್ಕು ತಡೆಯಲು ಬಿಡುವ ಎಣ್ಣೆ) ಕೆಲವು ಹನಿ ಬಿಡಿ. ಎಂಜಿನ್ ಜೊತೆ ತಿರುಗುವ ಚಕ್ರವಾದ ಫ್ಲೈವೀಲನ್ನು ಕೈಯಲ್ಲಿ ತಿರುಗಿಸಿ, ಪ್ಲಗ್ ಮತ್ತೆ ಹಾಕಿ. ಮನೆಯಲ್ಲಿದೆ ಅಂತ ಸುಮ್ನೆ ತೆಂಗಿನೆಣ್ಣೆ ಬಿಡಬೇಡಿ, ಚಳಿಗೆ ಗಟ್ಟಿಯಾಗುತ್ತದೆ.

ಹಾಳೆಯಲ್ಲಿ ನಿಂತ ಕೊಳೆಯನ್ನು ಬಾವಿಕಟ್ಟೆಯ ಹತ್ತಿರ ಚೆಲ್ಲಬೇಡಿ. ಮುರಕಲ್ಲಿನ ನೆಲ ಅದನ್ನು ಬೇಗ ಒಳಗೆ ಇಳಿಸಿಬಿಡುತ್ತದೆ.