ನೆಟ್‌ವರ್ಕ್ ಫೋಲ್ಡರಿಗೆ ಬ್ಯಾಕಪ್ ಆಗುತ್ತಿಲ್ಲವೇ? ಮೊದಲು ಡ್ರೈವ್ ಅಕ್ಷರ ನೋಡಿ
ನೀವೇ ಕಾಪಿ ಮಾಡಿದರೆ ಫೈಲ್ ಸಲೀಸಾಗಿ ಹೋಗುತ್ತದೆ, ರಾತ್ರಿಯ ಬ್ಯಾಕಪ್ ಮಾತ್ರ ವಿಫಲ. ವಿಂಡೋಸ್‌ನಲ್ಲಿ ಹೀಗಾದರೆ ನನ್ನ ಮೊದಲ ಅನುಮಾನ ‘ಝಡ್ ಡ್ರೈವ್’ ಮೇಲೆ. ಮ್ಯಾಪ್ ಮಾಡಿದ ಡ್ರೈವ್ (ಅಂದರೆ ಝಡ್‌ನಂಥ ಅಕ್ಷರ ಕೊಟ್ಟ ನೆಟ್‌ವರ್ಕ್ ಫೋಲ್ಡರ್) ಲಾಗಿನ್ ಆದ ಬಳಕೆದಾರರಿಗಷ್ಟೇ ಸೇರಿದ್ದು. ಹಿನ್ನೆಲೆಯಲ್ಲಿ ಸಿಸ್ಟಮ್ ಖಾತೆಯಡಿ ಓಡುವ ಬ್ಯಾಕಪ್‌ಗೆ ಅದು ಕಾಣುವುದೇ ಇಲ್ಲ. ಅಕ್ಷರದ ಬದಲು \\ಸರ್ವರ್\ಬ್ಯಾಕಪ್ ಮಾದರಿಯ ಪೂರ್ಣ ವಿಳಾಸ ಕೊಡಿ. ಆ ಫೋಲ್ಡರಿನ ಬಳಕೆದಾರ ಹೆಸರು, ಪಾಸ್‌ವರ್ಡ್‌ಗಳನ್ನು ಬ್ಯಾಕಪ್ ತಂತ್ರಾಂಶದೊಳಗೇ ನಮೂದಿಸಿ. ಬಹುಪಾಲು ತಕರಾರು ಇಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ಬ್ಯಾಕಪ್ ತಂತ್ರಾಂಶದ ಲಾಗ್‌ನಲ್ಲಿ, ಅಂದರೆ ಅದರ ದಾಖಲೆಯಲ್ಲಿ, ಇರುವ ದೋಷಸಂಖ್ಯೆ ನೋಡಿ. 53 ಎಂದರೆ ದಾರಿಯೇ ಸಿಕ್ಕಿಲ್ಲ: ಸರ್ವರ್ ಹೆಸರಿನ ಜಾಗದಲ್ಲಿ ಐಪಿ ವಿಳಾಸ ಹಾಕಿ ನೋಡಿ, ಫೈರ್‌ವಾಲ್ 445ನೇ ಪೋರ್ಟನ್ನು ತಡೆಯುತ್ತಿದೆಯೇ ಪರೀಕ್ಷಿಸಿ. 1326 ಬಂದರೆ ಹೆಸರೋ ಪಾಸ್‌ವರ್ಡೋ ತಪ್ಪಾಗಿದೆ; ಯಾರೋ ಪಾಸ್‌ವರ್ಡ್ ಬದಲಿಸಿ ಸುಮ್ಮನಾಗಿರುತ್ತಾರೆ. 5 ಎಂದರೆ ಅನುಮತಿ ಇಲ್ಲ. ಶೇರ್ ಅನುಮತಿ ಬೇರೆ, ಫೋಲ್ಡರ್ ಅನುಮತಿ ಬೇರೆ. ಎರಡರಲ್ಲೂ ಬರೆಯುವ ಹಕ್ಕು ಇರಬೇಕು. 112 ಬಂದರೆ ಡಿಸ್ಕ್ ತುಂಬಿದೆ, ಅಷ್ಟೇ.

ಎನ್‌ಎಎಸ್ (ನೆಟ್‌ವರ್ಕ್‌ಗೆ ಜೋಡಿಸಿದ ಸಂಗ್ರಹ ಸಾಧನ) ಹಳೆಯದಾಗಿದ್ದರೆ ‘ಎಸ್‌ಎಂಬಿ 1 ಚಾಲೂ ಮಾಡಿ’ ಎಂದು ಸಲಹೆ ಕೊಡುವವರು ಸಿಗುತ್ತಾರೆ. ಕಿವಿಗೆ ಹಾಕಿಕೊಳ್ಳಬೇಡಿ. ಎಸ್‌ಎಂಬಿ ಎಂದರೆ ನೆಟ್‌ವರ್ಕ್‌ನಲ್ಲಿ ಫೈಲ್ ಹಂಚಿಕೊಳ್ಳುವ ವಿಧಾನ; 1 ಅದರ ಹಳೆಯ ಆವೃತ್ತಿ. 2017ರಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಕುತಂತ್ರಾಂಶ ಹರಡಿದ್ದು ಅದರಲ್ಲಿದ್ದ ಲೋಪದಿಂದಲೇ. ಎನ್‌ಎಎಸ್‌ನ ಫರ್ಮ್‌ವೇರ್ (ಅದರೊಳಗಿನ ತಂತ್ರಾಂಶ) ನವೀಕರಿಸಿ, ಎಸ್‌ಎಂಬಿ 2 ಅಥವಾ 3 ಆಯ್ಕೆ ಮಾಡಿಕೊಳ್ಳಿ.