ಎದೆ ಢವಢವ ಅಂದಿದ್ದು ಯಾಕೆ? ಥ್ರಿಲ್ಲರ್ ಸಿನಿಮಾದ ಕ್ಯಾಮೆರಾ ಗಮನಿಸುವ ಬಗೆ

ಥ್ರಿಲ್ಲರ್ ನೋಡಿ ಬಂದವರನ್ನು ಕೇಳಿ ನೋಡಿ. ‘ಕ್ಯಾಮೆರಾ ವರ್ಕ್ ಸೂಪರ್, ಉಸಿರು ಬಿಗಿಹಿಡಿದು ಕೂತಿದ್ದೆ’ ಅಂತಾರೆ. ಉಸಿರು ಯಾಕೆ ಬಿಗಿಯಾಯಿತು ಅಂದರೆ ಮಾತಿಲ್ಲ. ಆ ‘ಯಾಕೆ’ಯನ್ನು ಹುಡುಕುವುದಕ್ಕೆ ಸಿನಿಮಾ ಶಾಲೆ ಬೇಕಿಲ್ಲ. ಒಂದು ನೋಟ್‌ಬುಕ್, ಒಂದು ಪೆನ್ನು, ಬೇಕಾದಲ್ಲಿ ನಿಲ್ಲಿಸಿ ಹಿಂದಕ್ಕೆ ಓಡಿಸಬಹುದಾದ ಪರದೆ ಇದ್ದರೆ ಸಾಕು. ಪರದೆ ಸ್ವಲ್ಪ ದೊಡ್ಡದಿರಲಿ. ಕತ್ತಲಿನ ದೃಶ್ಯವನ್ನು ಹಗಲು ಹೊತ್ತು ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ನೋಡಿದರೆ ಕಾಣುವುದು ನಿಮ್ಮ ಮುಖವೇ.

ಉದಾಹರಣೆಗೆ 1991ರ ‘ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್’ ತಗೊಳ್ಳೋಣ. ಜೊನಾಥನ್ ಡೆಮಿ ನಿರ್ದೇಶನ, ಟಾಕ್ ಫುಜಿಮೊಟೊ ಛಾಯಾಗ್ರಹಣ. ಸರಣಿ ಕೊಲೆಗಾರನೊಬ್ಬನನ್ನು ಹಿಡಿಯಲು, ಅಮೆರಿಕದ ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐನಲ್ಲಿ ತರಬೇತಿ ಪಡೆಯುತ್ತಿರುವ ಕ್ಲಾರಿಸ್ ಎಂಬ ಹುಡುಗಿ ಸೆರೆಯಲ್ಲಿರುವ ಇನ್ನೊಬ್ಬ ಕೊಲೆಗಾರ ಲೆಕ್ಟರ್‌ನ ಸಹಾಯ ಕೇಳುವ ಕಥೆ. ಕೊನೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ನೋಡಿಲ್ಲದವರು ಮೊದಲು ನೋಡಿ ಬನ್ನಿ.

ಒಂದೇ ದೃಶ್ಯ ಸಾಕು

ಇಡೀ ಸಿನಿಮಾ ಒಮ್ಮೆ ಸುಮ್ನೆ ನೋಡಿ, ಏನೂ ಬರೆಯಬೇಡಿ. ಆಮೇಲೆ ನಿಮ್ಮನ್ನು ಜಾಸ್ತಿ ಕಾಡಿದ ಒಂದು ದೃಶ್ಯ ಆರಿಸಿಕೊಳ್ಳಿ. ಎರಡು ಗಂಟೆಯ ಸಿನಿಮಾವನ್ನೆಲ್ಲ ಬಿಡಿಸಲು ಹೋದರೆ ಕೈಗೆ ಸಿಗುವುದು ಕಥೆಯ ಸಾರಾಂಶ ಅಷ್ಟೆ. ನಾವು ಕ್ಲಾರಿಸ್ ಮತ್ತು ಲೆಕ್ಟರ್‌ನ ಮೊದಲ ಭೇಟಿಯಿಂದ ಶುರು ಮಾಡೋಣ.

ಸೌಂಡ್ ಆಫ್ ಮಾಡಿ

ಮಾತು ಕೇಳುತ್ತಿದ್ದರೆ ಕಣ್ಣು ಸೋಮಾರಿಯಾಗುತ್ತದೆ. ಮ್ಯೂಟ್ ಮಾಡಿ, ಕಟ್ ಆದಲ್ಲೆಲ್ಲ ನಿಲ್ಲಿಸಿ. ಒಂದು ಕಟ್‌ನಿಂದ ಇನ್ನೊಂದು ಕಟ್‌ವರೆಗಿನ ತುಣುಕೇ ಶಾಟ್. ಪ್ರತಿ ಶಾಟ್‌ಗೆ ಒಂದು ಸಾಲು ಬರೆಯಿರಿ: ಕ್ಲೋಸಪ್ಪೋ, ದೂರದ ಶಾಟೋ? ಎಷ್ಟು ಸೆಕೆಂಡ್ ಇತ್ತು? ಕ್ಯಾಮೆರಾ ನಿಂತಿತ್ತೋ, ನಡೆಯುತ್ತಿತ್ತೋ? ಮುಖ್ಯವಾಗಿ, ಪಾತ್ರ ಎಲ್ಲಿ ನೋಡುತ್ತಿದೆ?

ಈ ಕೊನೆಯ ಪ್ರಶ್ನೆಗೆ ಇಲ್ಲಿ ಒಳ್ಳೆ ಫಸಲಿದೆ. ಉಳಿದ ಕೈದಿಗಳ ಮುಂದೆ ಕಬ್ಬಿಣದ ಸರಳುಗಳಿವೆ. ಲೆಕ್ಟರ್ ಮುಂದೆ ಬರೀ ಗಾಜು. ಮುಖದ ಮೇಲೆ ಗೆರೆಯ ಅಡ್ಡಿಯೂ ಇಲ್ಲ. ಅವನು ಕೋಣೆಯ ನಡುವೆ ನೆಟ್ಟಗೆ ನಿಂತಿದ್ದಾನೆ, ಬರುತ್ತಾಳೆಂದು ಗೊತ್ತಿದ್ದವನ ಹಾಗೆ. ಮಾತು ಸಾಗಿದಂತೆ ಮುಖಗಳು ಫ್ರೇಮಿನಲ್ಲಿ ದೊಡ್ಡದಾಗುತ್ತಾ ಹೋಗುತ್ತವೆ. ಈಗ ಕಣ್ಣು ಗಮನಿಸಿ. ಲೆಕ್ಟರ್ ನೋಡುವುದು ನೇರ ಲೆನ್ಸಿಗೆ, ಅಂದರೆ ನಮ್ಮ ಕಣ್ಣಿಗೆ. ಕ್ಲಾರಿಸ್ ನೋಟ ಮಾತ್ರ ಲೆನ್ಸಿನಿಂದ ಕೂದಲೆಳೆಯಷ್ಟು ಪಕ್ಕಕ್ಕಿದೆ.

ಇದರಿಂದ ಏನಾಯಿತು? ಅವಳ ಕುರ್ಚಿಯಲ್ಲಿ ನಮ್ಮನ್ನು ಕೂರಿಸಿದರು. ಅವಳ ಬೂಟು ಅಗ್ಗದ್ದು ಎಂದು ಅವನು ಚುಚ್ಚಿದಾಗ ಮುಜುಗರ ನಮಗೂ ಆಗುತ್ತದೆ. ಗನ್ನಿಲ್ಲ, ಓಟವಿಲ್ಲ, ಇಬ್ಬರು ಮಾತಾಡುತ್ತಿದ್ದಾರೆ ಅಷ್ಟೆ. ಆದರೂ ಕುತ್ತಿಗೆ ಬಿಗಿಯುತ್ತದೆ. ನನ್ನ ಪ್ರಕಾರ ಈ ಸಿನಿಮಾದ ನಿಜವಾದ ಭಯ ರಕ್ತದಲ್ಲಿಲ್ಲ, ಈ ನೋಟದಲ್ಲಿದೆ.

ಯಾರಿಗೆ ಎಷ್ಟು ಗೊತ್ತು?

ಬಿಗುವಿನ ಲೆಕ್ಕ ಇಲ್ಲಿದೆ. ಪುಟದಲ್ಲಿ ಎರಡು ಕಾಲಂ ಎಳೆಯಿರಿ: ‘ನನಗೆ ಗೊತ್ತು’, ‘ಪಾತ್ರಕ್ಕೆ ಗೊತ್ತು’. ಸಿನಿಮಾದ ಕೊನೆಯ ಭಾಗ ಹಾಕಿ. ಇಲಿನಾಯ್‌ನ ಒಂದು ಮನೆಯನ್ನು ಎಫ್‌ಬಿಐ ಸುತ್ತುವರಿದಿದೆ. ಹೂ ತಲುಪಿಸುವವನ ವೇಷದಲ್ಲಿ ಒಬ್ಬ ಬೆಲ್ ಒತ್ತುತ್ತಾನೆ. ಕಟ್. ಕ್ಲಾರಿಸ್ ಹುಡುಕುತ್ತಿರುವ ಕೊಲೆಗಾರನ ನೆಲಮಾಳಿಗೆಯಲ್ಲಿ ಬೆಲ್ ಬಡಿಯುತ್ತದೆ. ಅವನು ಮೇಲೆ ಬಂದು ಬಾಗಿಲು ತೆರೆದರೆ ಹೊರಗೆ ನಿಂತಿರುವುದು ಕ್ಲಾರಿಸ್, ಒಬ್ಬಳೇ. ಇದು ಓಹಾಯೊದ ಬೇರೆ ಮನೆ! ಸಂಕಲನಕಾರ ಕ್ರೇಗ್ ಮೆಕೇ ಎರಡು ಮನೆಗಳನ್ನು ಹೊಲಿದು ನಮ್ಮನ್ನು ಮೋಸ ಮಾಡಿದರು. ಆ ಕ್ಷಣದಿಂದ ಮೊದಲ ಕಾಲಂ ತುಂಬಿದೆ, ಎರಡನೆಯದು ಖಾಲಿ. ಅವಳು ಒಳಗೆ ಹೋಗುತ್ತಾಳೆ. ಕೊಲೆಗಾರನ ಗುರುತಾಗಿರುವ ಒಂದು ಪತಂಗ ಕಂಡಾಗಲೇ ಅವಳಿಗೆ ವಿಷಯ ಹೊಳೆಯುವುದು. ಅಲ್ಲಿಯವರೆಗೆ ಒದ್ದಾಡುವವರು ನಾವು.

ಆಮೇಲೆ ದೀಪ ಹೋಗುತ್ತದೆ. ಕೊಲೆಗಾರ ಕತ್ತಲಲ್ಲಿ ಕಾಣುವ ಕನ್ನಡಕ ಹಾಕಿದ್ದಾನೆ. ಪರದೆಯೆಲ್ಲ ಹಸಿರು. ಇಷ್ಟು ಹೊತ್ತು ಕ್ಲಾರಿಸ್ ಕಣ್ಣಿನಲ್ಲಿ ನೋಡಿದವರನ್ನು ಈಗ ಅವನ ಕಣ್ಣಿಗೆ ಎತ್ತಿ ಹಾಕಿದರು. ಅವಳು ಪಿಸ್ತೂಲು ಚಾಚಿ ತಡಕಾಡುತ್ತಿದ್ದಾಳೆ, ಅವನ ಕೈ ಅವಳ ಕೂದಲಿನ ಹತ್ತಿರ ಬರುತ್ತದೆ. ಕಿರುಚಿ ಹೇಳೋಣ ಅನ್ನಿಸುತ್ತೆ, ಅಲ್ವಾ?

ಈಗ ಕಣ್ಣು ಮುಚ್ಚಿ

ಅದೇ ಭಾಗವನ್ನು ಕಿವಿಯಲ್ಲಿ ಮಾತ್ರ ಕೇಳಿ. ಅವಳ ಏದುಸಿರು ಜೋರಾಗಿದೆ. ಅವನು ಗುಂಡು ಹಾರಿಸಲು ರಿವಾಲ್ವರ್ ಹ್ಯಾಮರ್ ಹಿಂದಕ್ಕೆ ಎಳೆದ ‘ಕ್ಲಿಕ್’ ಬರುತ್ತಿದ್ದಂತೆ ಅವಳು ತಿರುಗಿ ಗುಂಡು ಹಾರಿಸುತ್ತಾಳೆ. ಅಂದರೆ ಅವಳನ್ನು ಉಳಿಸಿದ್ದು ಕಣ್ಣಲ್ಲ, ಕಿವಿ. ಕಿಟಕಿ ಒಡೆದು ಹಗಲು ಬೆಳಕು ಒಳಗೆ ಬರುವವರೆಗೂ ಈ ದೃಶ್ಯದಲ್ಲಿ ನೋಟ ಬಹುಪಾಲು ಅವನದೇ.

ಬರೆಯುವಾಗ

ಬಣ್ಣದ ಅರ್ಥ, ಸಂಕೇತ ಎಂದು ಮೊದಲೇ ಶುರು ಮಾಡಬೇಡಿ. ಹಸಿರು ಎಂದರೆ ಮತ್ಸರ ಎಂದೆಲ್ಲ ಬರೆದು ಸಿಕ್ಕಿಹಾಕಿಕೊಳ್ಳುವವರು ಬಹಳ ಮಂದಿ. ಇಲ್ಲಿನ ಹಸಿರು ಆ ಕನ್ನಡಕದ್ದು. ಪ್ರತಿ ವಾಕ್ಯದಲ್ಲೂ ಎರಡು ಭಾಗ ಇರಲಿ: ಕ್ಯಾಮೆರಾ ಏನು ಮಾಡಿತು, ಅದರಿಂದ ನನಗೆ ಏನಾಯಿತು. ‘ಕ್ಲೋಸಪ್‌ಗಳು ಅದ್ಭುತ’ ಎಂದರೆ ಏನೂ ಹೇಳಿದಂತಾಗಲಿಲ್ಲ. ‘ಲೆಕ್ಟರ್ ಲೆನ್ಸಿಗೇ ನೋಡುವುದರಿಂದ ತಪ್ಪಿಸಿಕೊಳ್ಳಲು ಜಾಗವೇ ಇಲ್ಲ ಅನ್ನಿಸಿತು’ ಎಂದರೆ ಯಾರು ಬೇಕಾದರೂ ದೃಶ್ಯ ಹಾಕಿ ಪರೀಕ್ಷಿಸಬಹುದು.

ಅಭ್ಯಾಸಕ್ಕೆ ಇದೇ ಸಿನಿಮಾದ ಶುರುವಿನ ಲಿಫ್ಟ್ ದೃಶ್ಯ ಹಾಕಿ. ಕೆಂಪು ಅಂಗಿಯ ಎತ್ತರದ ಗಂಡಸರ ನಡುವೆ ಕ್ಲಾರಿಸ್ ನಿಂತಿದ್ದಾಳೆ. ಮಾತೇ ಇಲ್ಲ. ಕೆಲವೇ ಸೆಕೆಂಡಿನ ಶಾಟ್, ಅರ್ಧ ಪುಟ ಬರೆಯಲು ಸಾಕಾಗುವಷ್ಟು ಅದರಲ್ಲಿದೆ.