ತೊಗಟೆಯಿಂದ ಗ್ಯಾಸ್: ಪಲ್ಪ್ ಕಾರ್ಖಾನೆಯ ಕಸಕ್ಕೆ ಒಳ್ಳೆಯ ಕೆಲಸ

ಮರದಿಂದ ಕಾಗದದ ತಿರುಳು ಮಾಡುವ ಪಲ್ಪ್ ಕಾರ್ಖಾನೆಯಲ್ಲಿ ತೊಗಟೆ, ಮರದ ಹೊಟ್ಟು, ಚಕ್ಕೆ ಚೂರು ರಾಶಿ ಬೀಳುತ್ತವೆ. ಸಾಮಾನ್ಯವಾಗಿ ಇವು ಬಾಯ್ಲರಿಗೆ ಹೋಗುತ್ತವೆ. ಆದರೆ ಅಲ್ಲೇ ಇರುವ ಸುಣ್ಣದ ಗೂಡು, ಅಂದರೆ ಪಲ್ಪ್ ತಯಾರಿಕೆಯಲ್ಲಿ ಬಳಸಿದ ಸುಣ್ಣವನ್ನು ಮತ್ತೆ ಮತ್ತೆ ಬಳಸಲು ಸುಡುವ ಕುಲುಮೆ, ಎಷ್ಟೋ ಕಡೆ ಇನ್ನೂ ಎಣ್ಣೆಯಲ್ಲೋ ನೈಸರ್ಗಿಕ ಅನಿಲದಲ್ಲೋ ಉರಿಯುತ್ತದೆ. ತೊಗಟೆಯನ್ನು ಗ್ಯಾಸ್ ಮಾಡಿ ಆ ಗೂಡಿಗೆ ಕೊಡಬಹುದು. ಇದೇನೂ ಹೊಸ ಕನಸಲ್ಲ. ಫಿನ್ಲೆಂಡಿನ ಪಿಯೆಟರ್ಸಾರಿಯಲ್ಲಿ 1983ರಲ್ಲೇ ಶುರುವಾಗಿತ್ತು. ಅದೇ ದೇಶದ ಆನೆಕೋಸ್ಕಿಯಲ್ಲಿ 2017ರಲ್ಲಿ ಆರಂಭವಾದ ದೊಡ್ಡ ಕಾರ್ಖಾನೆಯೂ ಇದೇ ದಾರಿ ಹಿಡಿದಿದೆ.

ಮೊದಲು ಆಯ್ಕೆ. ಕಲ್ಲು, ಮರಳು, ಕಬ್ಬಿಣದ ಚೂರು ತೆಗೆದು, ತೊಗಟೆಯನ್ನು ಒಂದೇ ಅಳತೆಗೆ ಪುಡಿ ಮಾಡಿ. ಕಾರ್ಖಾನೆಯ ಕೊಳೆನೀರಿನಿಂದ ಸಿಗುವ ನಾರಿನ ಕೆಸರಿನಲ್ಲಿ ನೀರು, ಬೂದಿ ಎರಡೂ ಜಾಸ್ತಿ. ಹಾಗಾಗಿ ಸ್ವಲ್ಪವೇ ಬೆರೆಸಿ.

ಆಮೇಲೆ ಒಣಗಿಸುವುದು. ನನ್ನ ಪ್ರಕಾರ ಇಡೀ ಕೆಲಸದ ಜೀವಾಳ ಇದೇ. ಹಸಿ ತೊಗಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ. ತೇವ ಶೇ 55 ಇರುವ ಒಂದು ಟನ್ ತೊಗಟೆಯನ್ನು ಶೇ 15ಕ್ಕೆ ಇಳಿಸಬೇಕಾದರೆ ಸುಮಾರು 470 ಕಿಲೋ ನೀರು ಆವಿಯಾಗಬೇಕು! ಇದಕ್ಕೆ ಹೊಸ ಇಂಧನ ಸುಡಬೇಡಿ. ಕಾರ್ಖಾನೆಯಲ್ಲಿ ಸುಮ್ನೆ ಹೊರಹೋಗುವ ಬಿಸಿನೀರು, ಕಡಿಮೆ ಒತ್ತಡದ ಹಬೆ ಸಾಕು. ಬೆಲ್ಟಿನ ಮೇಲೆ ತೊಗಟೆ ಹರಡಿ ಅದರೊಳಗೆ ಬೆಚ್ಚಗಿನ ಗಾಳಿ ಹಾಯಿಸುತ್ತಾರೆ. ಇಲ್ಲಿ ಆತುರಪಟ್ಟರೆ ಗ್ಯಾಸಿನ ತುಂಬ ನೀರಾವಿ ಬಂದು ಗೂಡಿನ ಜ್ವಾಲೆ ಸೊರಗುತ್ತದೆ.

ಒಣಗಿದ್ದನ್ನು ಗ್ಯಾಸಿಫೈಯರಿಗೆ ಹಾಕುತ್ತಾರೆ. ಒಳಗೆ ಬಿಸಿ ಮರಳು ಗಾಳಿಯಲ್ಲಿ ಸುತ್ತುತ್ತಿರುತ್ತದೆ. ಪೂರ್ತಿ ಸುಡಲು ಬೇಕಾದ ಗಾಳಿಯಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಮಾತ್ರ ಕೊಡಿ. ಸ್ವಲ್ಪ ತೊಗಟೆ ಉರಿದು ಶಾಖ ಕೊಡುತ್ತದೆ, ಉಳಿದದ್ದು ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್, ಅಷ್ಟಿಷ್ಟು ಮಿಥೇನ್ ಆಗುತ್ತದೆ. ಶಾಖ 800ರಿಂದ 900 ಡಿಗ್ರಿ ಸೆಲ್ಸಿಯಸ್ ಒಳಗಿರಲಿ. ಮೀರಿದರೆ ಬೂದಿಯ ಪೊಟ್ಯಾಸಿಯಂ ಮರಳಿಗೆ ಅಂಟಿ ಗಟ್ಟಿ ಉಂಡೆಗಳಾಗುತ್ತವೆ.

ಬಂದ ಗ್ಯಾಸಿನಲ್ಲಿ ಅರ್ಧದಷ್ಟು ನೈಟ್ರೋಜನ್. ಒಂದು ಘನ ಮೀಟರಿಗೆ ಸಿಗುವುದು 4ರಿಂದ 6 ಮೆಗಾಜೂಲ್ ಶಕ್ತಿ, ನೈಸರ್ಗಿಕ ಅನಿಲದ ಆರನೇ ಒಂದು ಭಾಗವೋ ಇನ್ನೂ ಕಡಿಮೆಯೋ. ಆದ್ದರಿಂದ ಕೊಳವೆ, ಬರ್ನರ್ ಎರಡೂ ದೊಡ್ಡದಿರಬೇಕು.

ಗ್ಯಾಸಿನ ಜೊತೆ ಬರುವ ಟಾರ್ ಎಂಬ ಅಂಟು ಎಣ್ಣೆಯಂಥ ವಸ್ತುವಿನ ಕಾಟವೂ ಉಂಟು. ತಣ್ಣಗಾದರೆ ಅದು ಕೊಳವೆಯ ಒಳಗೆ ಮೆತ್ತಿಕೊಳ್ಳುತ್ತದೆ. ಎಂಜಿನ್ ಓಡಿಸುವುದಾದರೆ ತೊಳೆದು ಸೋಸಲೇಬೇಕು. ಸುಣ್ಣದ ಗೂಡಿಗಾದರೆ ಆ ಗೋಳಿಲ್ಲ. ಬಿಸಿಬಿಸಿಯಾಗಿಯೇ ಕಳುಹಿಸಿದರೆ ಟಾರೂ ಅಲ್ಲೇ ಉರಿದು ಶಾಖ ಕೊಡುತ್ತದೆ. ಎಷ್ಟು ಚೆನ್ನಾದ ಜೋಡಿ, ಅಲ್ವಾ?

ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ, ವಾಸನೆ ಇಲ್ಲ. ಉಸಿರಾಡಿದರೆ ಪ್ರಾಣಕ್ಕೇ ಅಪಾಯ. ಸೋರಿಕೆ ಹಿಡಿಯುವ ಅಲಾರಂ ಹಾಕದೆ ಘಟಕ ಶುರು ಮಾಡಲೇಬೇಡಿ.

ಸುಣ್ಣದ ಮೇಲೂ ಕಣ್ಣಿಡಿ. ತೊಗಟೆ ಬೂದಿಯ ರಂಜಕ, ಸಿಲಿಕಾ ಗೂಡಿಗೆ ಸೇರಿ ಸುತ್ತು ಸುತ್ತಿಗೂ ಹೆಚ್ಚುತ್ತವೆ. ಆಗಾಗ ಒಂದಿಷ್ಟು ಸುಣ್ಣ ಹೊರತೆಗೆದು ಹೊಸದು ಹಾಕುತ್ತಿರಬೇಕು.